ತುಲೆಯೂ ಉಡಿದಾರವೂ

ಶರೀರದ ಗಾತ್ರವನ್ನು ಅಳೆಯುವ ಪದ್ಧತಿಗಳ ಚರಿತ್ರೆಯನ್ನು ಪಶ್ಚಿಮದ ವೈದ್ಯಶಾಲೆಗಳಿಂದ ತೊಡಗಿಸುವುದು ವಾಡಿಕೆಯಾಗಿದ್ದರೂ, ನೇತ್ರಾವತಿ, ಫಲ್ಗುಣಿ ನದಿಗಳ ಸೀಮೆಯಾದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಮನುಷ್ಯದೇಹಕ್ಕೆ ಬಹುಕಾಲದಿಂದ ಎರಡು ಮಾನಗಳು ರೂಢಿಯಲ್ಲಿದ್ದವು: ಒಂದು ದೇವಾಲಯದ ತುಲೆ, ಇನ್ನೊಂದು ನಡುವಿನ ಉಡಿದಾರ.

ಧರ್ಮಸ್ಥಳದಲ್ಲಿ ಹರಕೆ ಹೊತ್ತವನು ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತು, ಎದುರಿನ ತಟ್ಟೆಗೆ ಅಕ್ಕಿಯನ್ನೋ ಬೆಲ್ಲವನ್ನೋ ತೆಂಗಿನಕಾಯಿಯನ್ನೋ ಏರಿಸಿ ಮಂಜುನಾಥನಿಗೆ ಅರ್ಪಿಸುವಾಗ, ದೇಹ ಭಾರವಾದಷ್ಟೂ ಕಾಣಿಕೆ ಹಿರಿದಾಗುವುದರಿಂದ ಅಲ್ಲಿ ತೂಕಕ್ಕೆ ನಿಂದೆಯೆಂಬುದಿಲ್ಲ. ಶಾಸ್ತ್ರಕಾರರ ಮತ ಬೇರೆ. ಚರಕಸಂಹಿತೆಯು ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತ ಶರೀರಿಗಳಲ್ಲಿ ಎಣಿಸಿ, ಅವನ ಜೋಲುವ ಉದರವನ್ನೇ ಲಕ್ಷಣವಾಗಿ ಹೇಳಿ, ಆಯುಷ್ಯದ ಹ್ರಾಸವನ್ನು ಅವನ ದೋಷಗಳಲ್ಲಿ ಸೇರಿಸಿದೆ. ಶಿಲ್ಪಿಗಳೂ ಕೃಶಮಧ್ಯವನ್ನೇ ಮೆಚ್ಚಿದವರು. ೧೬೦೪ರಲ್ಲಿ ತಿಮ್ಮರಾಜ ಅಜಿಲನು ವೇಣೂರಿನಲ್ಲಿ ನಿಲ್ಲಿಸಿದ ಸುಮಾರು ೩೫ ಅಡಿಯ ಬಾಹುಬಲಿಯ ನಡುವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಡಿದಾರದ ಸಂಗತಿ ಇನ್ನೂ ಸ್ವಾರಸ್ಯವಾದುದು. ತೊಟ್ಟಿಲ ಕೂಸಿಗೆ ಕಟ್ಟಿದ ಕರಿನೂಲು, ಬೆಳೆದಂತೆ ಗಂಟು ಸಡಿಲಗೊಂಡೋ ಹೊಸತಾಗಿಯೋ, ಗದ್ದೆಯ ಕೆಲಸಗಾರನಿಗೆ ಕೋಮಣದ ಆಧಾರವಾಗಿ, ಅನುಕೂಲಸ್ಥನಿಗೆ ಬೆಳ್ಳಿಯದಾಗಿ, ಜೀವಮಾನವಿಡೀ ನಡುವಿನಲ್ಲಿರುತ್ತಿತ್ತು. ಹೊಟ್ಟೆ ಬಂದವನಿಗೆ ಅದು ಚರ್ಮದಲ್ಲಿ ಗೆರೆಯೊತ್ತಿ ಎಚ್ಚರಿಸುತ್ತಿತ್ತಾದರೂ, ಆ ಗೆರೆಯನ್ನು ರೋಗಸೂಚನೆಯೆಂದು ಯಾರೂ ಓದಲಿಲ್ಲ, ಉಂಡುಟ್ಟ ಮನೆತನದ ಗುರುತೆಂದೇ ಓದಿದರು. ಒನಕೆ, ನೇಗಿಲು, ಅಡಕೆತೋಟದ ಕೆಲಸಗಳಿದ್ದಷ್ಟು ಕಾಲ ಆ ಗೆರೆ ವಿರಳವಾಗಿಯೇ ಇತ್ತು. ಆಮೇಲೆ ಅಕ್ಕಿಯ ಗಿರಣಿಗಳು ಬಂದವು. ತಡ್ಪೆಯೆಂಬ ಮೊರವನ್ನು ಮಡಿಲಿಗಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವ ಬೀಡಿಯ ಕಸುಬು ಮನೆಮನೆಯ ಹೆಂಗಸರನ್ನು ದಿನವಿಡೀ ಕುಳ್ಳಿರಿಸಿತು.

ಇತ್ತ ಯುರೋಪಿನಲ್ಲಿ ಬೆಲ್ಜಿಯಂನ ಗಣಿತಜ್ಞ ಕೆಟ್ಲೆ ೧೮೩೨ರಲ್ಲಿ, ವಯಸ್ಕರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುವುದನ್ನು ಕಂಡುಕೊಂಡಿದ್ದನು. ಅವನ ಗುರಿ ‘ಸರಾಸರಿ ಮನುಷ್ಯ’ನೇ ಹೊರತು ರೋಗವಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಭಾಗಲಬ್ಧಕ್ಕೆ ೧೯೭೨ರಲ್ಲಿ ಆನ್ಸೆಲ್ ಕೀಸ್ ದೇಹತೂಕ ಸೂಚ್ಯಂಕವೆಂದು ಹೆಸರಿಟ್ಟನು. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯವೆಂದು ಫ್ರಾನ್ಸಿನ ವೈದ್ಯ ಝಾನ್ ವಾಗ್ ೧೯೪೭ರಲ್ಲಿಯೇ ಸಾರಿದ್ದರೂ ಆ ಮಾತಿಗೆ ಮನ್ನಣೆ ದೊರೆತದ್ದು ತಡವಾಗಿ. ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ಯಡ್ಕಿನರೂ ೨೦೦೪ರಲ್ಲಿ, ಸೂಚ್ಯಂಕವು ಕೊಬ್ಬನ್ನು ತೋರಿಸದೆಂಬುದಕ್ಕೆ ತಮ್ಮ ದೇಹಗಳನ್ನೇ ನಿದರ್ಶನವಾಗಿ ಒಡ್ಡಿದರು: ಇಬ್ಬರ ಸೂಚ್ಯಂಕವೂ ೨೨.೩, ಕೊಬ್ಬಿನ ಅಂಶ ಮಾತ್ರ ಪುಣೆಯವರಲ್ಲಿ ಶೇ. ೨೧.೨, ಲಂಡನ್ನಿನವರಲ್ಲಿ ಶೇ. ೯.೧. ತೆಳುವಾದ ಕೈಕಾಲು, ಮುಂದಕ್ಕೆ ಬಂದ ಹೊಟ್ಟೆ: ನಮ್ಮವರ ಈ ಮೈಕಟ್ಟಿನಲ್ಲಿ ಕರುಳಿನ ಸುತ್ತಲ ಕೊಬ್ಬು ಯಕೃತ್ತನ್ನು ಬಾಧಿಸಿ, ಇನ್ಸುಲಿನ್ನಿನ ಬಲವನ್ನು ಕುಂದಿಸಿ, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ದಾರಿ ಮಾಡುತ್ತದೆ.

ನನ್ನ ಮಟ್ಟಿಗೆ, ತುಲೆಗಿಂತ ಉಡಿದಾರವೇ ಸತ್ಯಕ್ಕೆ ಹೆಚ್ಚು ಸಮೀಪವಾಗಿತ್ತು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ೨೦೦೫ರಲ್ಲಿ ದಕ್ಷಿಣ ಏಷ್ಯದವರಿಗೆ ವಿಧಿಸಿದ ಸುತ್ತಳತೆಯ ಮೇರೆ ಗಂಡಸರಿಗೆ ೯೦ ಸೆಂಟಿಮೀಟರು, ಹೆಂಗಸರಿಗೆ ೮೦. ಓದುಗರು ದರ್ಜಿಯ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದೆಲುಬಿಗೂ ನಡುವೆ ಹಿಡಿದು, ಉಸಿರು ಬಿಟ್ಟು, ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳದೆ ಒಮ್ಮೆ ಅಳೆದುಕೊಳ್ಳಲಿ.