ವ್ಯಾಟು, ಓಮು ಮತ್ತು ನಮ್ಮ ಕಡೆಯ ಮೈಕ್‌ಸೆಟ್ಟು

ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗಿನ ಮಾತು. ಮೊಳಕಾಲ್ಮೂರು ಕಡೆಯ ಒಂದು ಹಳ್ಳಿಯಲ್ಲಿ ಪೌರಾಣಿಕ ನಾಟಕ, ಚಳ್ಳಕೆರೆಯಿಂದ ಮೈಕ್‌ಸೆಟ್ ಬಂದಿತ್ತು. ಎರಡು ಬಾಸ್ ಬಾಕ್ಸ್ ಸಾಲದು ಅಂತ ಹುಡುಗರ ಗಲಾಟೆ. "ನಾನು ಎಲೆಕ್ಟ್ರಾನಿಕ್ಸ್ ಓದ್ತಿದೀನಿ ಬಿಡ್ರಿ" ಅಂತ ಮೂರನೇದನ್ನೂ ಅದೇ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಅರ್ಧ ಗಂಟೆಗೆ ಸುಟ್ಟ ವಾಸನೆ! ಗದಾಯುದ್ಧ ಮೈಕಿಲ್ಲದೇ ಮುಗಿಯಿತು. ಮರುದಿನದ ಬಾಡಿಗೆಯೂ ಹೋಯಿತು. ಮೈಕ್‌ಸೆಟ್ ಅಣ್ಣ ಬೈಯಲಿಲ್ಲ. "ವ್ಯಾಟ್ ನೋಡ್ದೆ ತಮ್ಮಾ, ಓಮ್ ನೋಡ್ಲಿಲ್ಲ" ಅಂದರು, ಅಷ್ಟೇ.

ಆ ಮಾತಿನ ಹಿಂದೆ ನೂರು ವರ್ಷದ ಕಥೆಯಿದೆ ಅಂತ ಆಮೇಲೆ ಗೊತ್ತಾಯಿತು.

1915ರಲ್ಲಿ ಅಮೆರಿಕದ ಪ್ರಿಧಮ್ ಮತ್ತು ಜೆನ್ಸನ್ ಹಾರ್ನ್ ಸ್ಪೀಕರ್ ಹಾಕಿ ಜನರ ಗುಂಪಿಗೆ ಕೇಳಿಸಿದರು. ಮುಂದೆ ಬಂದ ವಾಲ್ವ್ ಆಂಪ್ಲಿಫೈಯರುಗಳ ಶಕ್ತಿ ಕಡಿಮೆ. ಕಡಿಮೆ ವ್ಯಾಟಿನಲ್ಲಿ ಜೋರಾಗಿ ಕೂಗುವುದೇ ಹಾರ್ನಿನ ಗುಣ. ನಮ್ಮ ಜಾತ್ರೆಗಳಲ್ಲೂ ಮರದ ಮೇಲೆ ಏರಿದ್ದು ಅದೇ. ದೂರದ ಹಾರ್ನುಗಳಿಗೆ 100 ವೋಲ್ಟ್ ಲೈನು, ಪ್ರತಿ ಹಾರ್ನಿಗೂ ಒಂದು ಟ್ರಾನ್ಸ್‌ಫಾರ್ಮರು. ಅಲ್ಲಿ ಬರೀ ಕೂಡುವ ಲೆಕ್ಕ: 30 ವ್ಯಾಟಿನ ಎಂಟು ಹಾರ್ನು 240, ಆಂಪ್ಲಿಫೈಯರು 250. ಮುಗೀತು!

ಆದರೆ ಹಾರ್ನಿಗೆ ಬಾಸ್ ದಕ್ಕದು. ಉರುಮೆಯ ಸದ್ದು ಎದೆಗೆ ತಾಗಬೇಕಾದರೆ ದೊಡ್ಡ ಕೋನ್ ಬೇಕು. ಕೋನ್ ಸ್ಪೀಕರಿಗೆ ಇಂದಿನ ರೂಪ ಬಂದದ್ದು 1925ರಲ್ಲಿ, ರೈಸ್ ಮತ್ತು ಕೆಲ್ಲಾಗ್ ಅವರಿಂದ. ಸದ್ದು ಅಷ್ಟೇ ಇದ್ದು ಆವರ್ತನ ಅರ್ಧಕ್ಕಿಳಿದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಕೊಟ್ಟ ವಿದ್ಯುತ್ತಿನಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ. ಹಾಗಾಗಿ ವ್ಯಾಟಿನ ಹಸಿವು ಏರಿತು, ಮಾರುವವರ ಸುಳ್ಳೂ ಏರಿತು. ಕ್ಷಣಮಾತ್ರ ಬರುವ ಶಕ್ತಿಯನ್ನೇ ದೊಡ್ಡದಾಗಿ ಬರೆಯತೊಡಗಿದರು. 1974ರಲ್ಲಿ ಅಮೆರಿಕ ಸರ್ಕಾರ ಮನೆಬಳಕೆಯ ಆಂಪ್ಲಿಫೈಯರುಗಳಿಗೆ ನಿಯಮ ತಂದು, ನಿರಂತರವಾಗಿ ಕೊಡಬಲ್ಲ ವ್ಯಾಟನ್ನು ಹೇಳಿ ಅಂದಿತು. ನಮ್ಮಲ್ಲಿ? ಅಂಗೈಯಗಲದ ಸ್ಪೀಕರಿನ ಟೇಪ್ ರೆಕಾರ್ಡರ್ ಮೇಲೆ ಸಾವಿರ ವ್ಯಾಟ್ ಪಿಎಂಪಿಒ ಸ್ಟಿಕ್ಕರು :-)

ನಾನೂ ಆ ಸ್ಟಿಕ್ಕರ್ ಓದಿ ಬೆಳೆದವನೇ. ಬಾಸ್ ಬಾಕ್ಸಿಗೆ ಲೈನ್ ಟ್ರಾನ್ಸ್‌ಫಾರ್ಮರ್ ಇರಲಿಲ್ಲ, ನೇರ ಸಂಪರ್ಕ. 8 ಓಮಿನ ಎರಡನ್ನು ಪ್ಯಾರಲಲ್ ಹಾಕಿದರೆ 4, ಮೂರಾದರೆ 2.67. ಆ ಆಂಪ್ಲಿಫೈಯರು ತಾಳುತ್ತಿದ್ದದ್ದು 4ರವರೆಗೆ. ಓಮ್ ಇಳಿದಷ್ಟೂ ಕರೆಂಟ್ ಜಾಸ್ತಿ ಎಳೆಯುತ್ತದೆ, ಸುಡುತ್ತದೆ. ಪರೀಕ್ಷೆಯಲ್ಲಿ ಇದೇ ಲೆಕ್ಕಕ್ಕೆ ಪೂರ್ತಿ ಅಂಕ ತೆಗೆದಿದ್ದೆ!

ರಿಪೇರಿ ದುಡ್ಡನ್ನು ಅಣ್ಣ ಅರ್ಧವಷ್ಟೇ ತಗೊಂಡರು. ಈಗ ಅವರ ಪ್ರತಿ ಬಾಕ್ಸಿನ ಹಿಂದೆ ಬಿಳಿ ಪೇಂಟಿನಲ್ಲಿ ದೊಡ್ಡದಾಗಿ '8' ಅಂತ ಬರೆದಿದೆ. ನನ್ನಂಥ ಎಂಜಿನಿಯರುಗಳಿಗಾಗಿ.