ಎರಿ ಹೊಲದ ಮಾತು, ಇಂಗ್ಲಿಷ್ ಅರ್ಥ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಪದಗಳು ನಿಘಂಟು ಸೇರಿದ ಬಗೆ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಅರ್ಥ ಬರೆಯುವ ಕೆಲಸ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಅಗತ್ಯದಿಂದ ಆರಂಭವಾಯಿತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಧಾರವಾಡದ ಸುತ್ತಲಿನ ನಾಡನ್ನು ಇಂಗ್ಲಿಷರು ‘ದಕ್ಷಿಣ ಮರಾಠಾ ಸೀಮೆ’ ಎಂದು ಕರೆದರು. ಜನರ ಮಾತು ಕನ್ನಡ. ದಫ್ತರದ ಬರಹ ಮೋಡಿ ಲಿಪಿಯ ಮರಾಠಿ. ನರಗುಂದದಲ್ಲಿ ಭಾವೆ ಮನೆತನದ ಸಂಸ್ಥಾನವಿತ್ತು. ಅದರ ಅರಸ ಬಾಬಾಸಾಹೇಬರ 1858ರ ಬಂಡಾಯದ ನಂತರ ಅದನ್ನು ಸರ್ಕಾರ ವಶಪಡಿಸಿಕೊಂಡಿತು. ಗಜೇಂದ್ರಗಡ ಘೋರ್ಪಡೆಯವರ ಕೋಟೆಯ ಊರು. ಹೀಗಾಗಿ ಇಲ್ಲಿನ ಪದಸಂಪತ್ತಿನಲ್ಲಿ ಅಚ್ಚಗನ್ನಡದ ಬೇಸಾಯದ ಮಾತಿನ ಜೊತೆಗೆ ಮರಾಠಿ, ಪಾರಸಿ, ಅರಬ್ಬಿ ಮೂಲದ ಆಡಳಿತದ ಮಾತೂ ಬೆರೆತಿತ್ತು.

ನಿಘಂಟುಗಳ ಸಾಲು

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದರು. ಆಡಳಿತದ ಪದಗಳಿಗಾಗಿ ಎಚ್. ಎಚ್. ವಿಲ್ಸನ್ 1855ರಲ್ಲಿ ನ್ಯಾಯ ಮತ್ತು ಕಂದಾಯದ ಪದಕೋಶವನ್ನು ಸಿದ್ಧಪಡಿಸಿದರು; ಅದರಲ್ಲಿ ಕನ್ನಡಕ್ಕೂ ಜಾಗವಿತ್ತು. ಇವುಗಳೆಲ್ಲಕ್ಕೂ ಮಿಗಿಲಾದದ್ದು ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರ ನಿಘಂಟನ್ನು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಹಳೆಯ ಕಾವ್ಯದ ಪದಗಳ ಪಕ್ಕದಲ್ಲೇ ಆಡುಮಾತೂ ಇದೆ. ಮೈಸೂರಿನಲ್ಲಿ ಬಳಕೆಯಾದ ಪದಕ್ಕೆ ಒಂದು ಗುರುತು, ದಕ್ಷಿಣ ಮರಾಠಾ ಸೀಮೆಯ ಪದಕ್ಕೆ ಇನ್ನೊಂದು ಗುರುತು ಹಾಕಿದ್ದು ಇದರ ಹೆಚ್ಚುಗಾರಿಕೆ. ಈ ಎರಡನೆಯ ಗುರುತಿನಿಂದಾಗಿ ಈ ಭಾಗದ ಮಾತು ತನ್ನ ನೆಲದ ಹೆಸರಿನೊಂದಿಗೇ ನಿಘಂಟು ಸೇರಿತು.

ಒಂದು ಪದ, ಹಲವು ಅರ್ಥ

ಇಂಗ್ಲಿಷ್ ಓದುಗನಿಗೆ ಮೊದಲು ಎದುರಾಗುವ ತೊಡಕು ಉಚ್ಚಾರಣೆಯದು. ಬರಹದ ‘ಮನೆ’ ಇಲ್ಲಿ ‘ಮನಿ’ ಆಗುತ್ತದೆ. ‘ಎರೆ’ ‘ಎರಿ’ಯಾಗಿ, ‘ಕುಂಟೆ’ ‘ಕುಂಟಿ’ಯಾಗಿ, ‘ಕೂರಿಗೆ’ ‘ಕೂರಿಗಿ’ಯಾಗಿ ಕೇಳಿಸುತ್ತವೆ. ಪದಾಂತ್ಯದ ಎಕಾರ ಇಕಾರವಾಗುವ ಈ ನಿಯಮ ತಿಳಿಯದವನಿಗೆ ಕಿವಿಗೆ ಬಿದ್ದ ಪದ ನಿಘಂಟಿನಲ್ಲಿ ಸಿಗುವುದಿಲ್ಲ.

ಅರ್ಥದ ತೊಡಕು ಇದಕ್ಕಿಂತ ಆಳವಾದದ್ದು. ‘ಎರೆ’ ಎಂದರೆ ನೀರು ಹೊಯ್ಯುವುದು. ಇಲ್ಲಿನ ರೈತನಿಗೆ ಅದು ಹತ್ತಿ, ಬಿಳಿಜೋಳ ಬೆಳೆಯುವ ಕಪ್ಪು ನೆಲ. ಕೆಂಪು ಬೆರೆತ ಹಗುರ ನೆಲ ‘ಮಸಾರಿ’. ಕಾವ್ಯದಲ್ಲಿ ‘ಹಗೆ’ ಎಂದರೆ ವೈರಿ. ಊರಲ್ಲಿ ‘ಹಗೆ’ ಅಥವಾ ‘ಹಗೇವು’ ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ‘ಕೂರಿಗೆ’ ಬಿತ್ತುವ ಸಾಧನ. ಒಂದು ದಿನದಲ್ಲಿ ಒಂದು ಕೂರಿಗೆಯಿಂದ ಬಿತ್ತಬಲ್ಲಷ್ಟು ಹೊಲಕ್ಕೂ ಅದೇ ಹೆಸರು. ಎತ್ತಿನ ನಡಿಗೆ, ಮಣ್ಣಿನ ಗುಣ, ಆಳಿನ ದುಡಿಮೆ ಎಲ್ಲವೂ ಸೇರಿದ ಇಂಥ ಅಳತೆಯನ್ನು ಒಂದೇ ಇಂಗ್ಲಿಷ್ ಪದದಲ್ಲಿ ಹಿಡಿಯಲಾಗದು. ರೋಣದ ಸಮೀಪದ ಸೂಡಿಯ ಚಾಲುಕ್ಯ ಶಾಸನಗಳಲ್ಲಿ ದಾನದ ಭೂಮಿಯ ಅಳತೆ ‘ಮತ್ತರು’. ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಆ ಶಾಸನಗಳನ್ನು ಅನುವಾದಿಸಿದ ಎಲ್. ಡಿ. ಬಾರ್ನೆಟ್ ಅಂಥ ಪದವನ್ನು ಹಾಗೆಯೇ ಉಳಿಸಿಕೊಂಡರು.

ಆಡಳಿತದ ಪದಗಳಲ್ಲಿ ‘ಶೇತಸನದಿ’ ಗಮನಾರ್ಹ. ಮರಾಠಿಯ ‘ಶೇತ’ ಎಂದರೆ ಹೊಲ, ಅರಬ್ಬಿಯ ‘ಸನದು’ ಎಂದರೆ ಅಧಿಕಾರಪತ್ರ. ಊರ ಕಾವಲಿನ ಸೇವೆಗಾಗಿ ಹೊಲ ಪಡೆದವನು ಶೇತಸನದಿ. ಅವನನ್ನು ಬರಿ ಸಿಪಾಯಿ ಎಂದು ಅನುವಾದಿಸಿದರೆ ಹೊಲ ಮರೆಯಾಗುತ್ತದೆ. ಭೂಮಾಲೀಕ ಎಂದರೆ ಸೇವೆ ಮರೆಯಾಗುತ್ತದೆ.

ಸ್ವಾಹಿಲಿಯ ಹೋಲಿಕೆ

ಇದೇ ಕಾಲದಲ್ಲಿ ಪೂರ್ವ ಆಫ್ರಿಕಾದ ಸ್ವಾಹಿಲಿಗೂ ಇಂಗ್ಲಿಷಿನಲ್ಲಿ ಅರ್ಥ ಬರೆಯುವ ಕೆಲಸ ನಡೆದಿತ್ತು. ಅದನ್ನು ಮಾಡಿದ ಜೊಹಾನ್ ಲುಡ್ವಿಗ್ ಕ್ರಾಫ್ ಕೂಡ ಕಿಟೆಲ್ ಅವರಂತೆ ಬಾಸೆಲ್ಲಿನ ಮಿಷನ್ ಶಾಲೆಯಲ್ಲಿ ಕಲಿತ ಜರ್ಮನ್ನರು. ಅವರ ಸ್ವಾಹಿಲಿ–ಇಂಗ್ಲಿಷ್ ನಿಘಂಟು ಅವರು ತೀರಿಕೊಂಡ ಮರುವರ್ಷ, 1882ರಲ್ಲಿ ಪ್ರಕಟವಾಯಿತು. ಹಿಂದೂ ಮಹಾಸಾಗರದ ಎರಡೂ ದಡಗಳಿಗೆ ಒಂದೇ ಮೂಲದ ಪದಗಳು ತಲುಪಿದ್ದವು. ಸ್ವಾಹಿಲಿಯ ‘ಸೆರಿಕಾಲಿ’ ಕನ್ನಡದ ‘ಸರಕಾರ’. ‘ಹೆಸಾಬು’ ನಮ್ಮ ‘ಹಿಸಾಬು’. ‘ದುಕಾ’ ಉತ್ತರ ಕರ್ನಾಟಕದ ‘ದುಕಾನ’. ಭಾರತದ ‘ಗಾಡಿ’ ಅಲ್ಲಿ ‘ಗಾರಿ’ಯಾಗಿದೆ. ಮೂಲ ಒಂದೇ ಆದರೂ ಅರ್ಥ ಒಂದೇ ಆಗಿ ಉಳಿದಿಲ್ಲ. ಸ್ವಾಹಿಲಿಯಲ್ಲಿ ‘ಹಬಾರಿ’ ಎಂದರೆ ಸುದ್ದಿ. ಕುಶಲ ಕೇಳುವ ಮಾತೂ ಅದೇ. ರೋಣದ ಕಡೆ ‘ಖಬರ ಇಲ್ಲ’ ಎಂದರೆ ಎಚ್ಚರವಿಲ್ಲ, ಪರಿವೆಯಿಲ್ಲ ಎಂದರ್ಥ. ಪದದ ಮೂಲವನ್ನು ನಿಘಂಟು ತೋರಿಸಬಲ್ಲದು. ಅರ್ಥ ನಿರ್ಧಾರವಾಗುವುದು ಆಡುವವರ ಬಾಯಲ್ಲಿ.

ಮುಂದಿನ ಹಂತ

ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಕಿಟೆಲ್ ನಿಘಂಟನ್ನು ಮದ್ರಾಸ್ ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. 1997ರಲ್ಲಿ ಈ ಮೂರು ಊರುಗಳೂ ಹೊಸ ಗದಗ ಜಿಲ್ಲೆಗೆ ಸೇರಿದವು. ಟ್ರ್ಯಾಕ್ಟರಿನ ಬಿತ್ತನೆ ಬಂದ ಮೇಲೆ ಎತ್ತಿನ ಕೂರಿಗೆ ಅಪರೂಪವಾಗಿದೆ, ಹಗೇವುಗಳು ಮುಚ್ಚಿಹೋಗಿವೆ. ವಸ್ತುವೇ ಕಣ್ಮರೆಯಾದಾಗ ಅದರ ಹೆಸರಿನ ಅರ್ಥ ಕನ್ನಡಿಗರಿಗೂ ಅಪರಿಚಿತವಾಗುತ್ತದೆ. ಪರದೇಶದವರ ಅನುಕೂಲಕ್ಕೆಂದು ಬರೆದಿಟ್ಟ ಅರ್ಥವಿವರಣೆ ಈಗ ಈ ಸೀಮೆಯ ಮಕ್ಕಳಿಗೇ ತಮ್ಮ ಹಿರಿಯರ ಮಾತನ್ನು ತಿಳಿಯಲು ಆಧಾರವಾಗಿದೆ.