ಪಶ್ಚಾತ್ತಾಪದ ನಂತರದ ಯುದ್ಧ: ನಾಗಚಂದ್ರನ ರಾವಣ ಮತ್ತು ದುರಂತನಾಯಕನ ಕೇಡು

ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದ ರಾವಣನನ್ನು ದುರಂತನಾಯಕನೆಂದು ಓದುವ ರೂಢಿ ಕನ್ನಡದಲ್ಲಿ ಬೇರೂರಿದ್ದು ಬಿ.ಎಂ.ಶ್ರೀ. ಅವರಿಂದ. ಗ್ರೀಕ್ ನಾಟಕಗಳಲ್ಲಿ ಮುಳುಗಿ ಎದ್ದಿದ್ದ ಅವರಿಗೆ ಹನ್ನೆರಡನೆಯ ಶತಮಾನದ ಆಸುಪಾಸಿನ ಈ ಜೈನ ಕಾವ್ಯದಲ್ಲಿ ಪರಿಚಿತ ಮುಖವೊಂದು ಕಂಡಿತು. ದೊಡ್ಡ ವ್ಯಕ್ತಿತ್ವ, ಅದರಲ್ಲೊಂದು ಬಿರುಕು, ಆ ಬಿರುಕಿನಿಂದ ಪತನ ಎಂಬ ಅವರ ಚೌಕಟ್ಟು ಇಂದಿಗೂ ತರಗತಿಗಳಲ್ಲಿ ನಡೆಯುತ್ತಿದೆ. ಬಿರುಕು ಯಾವುದೆಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಪರಸ್ತ್ರೀ ಮೋಹ. ಈ ಉತ್ತರ ಸಾಲದು ಎಂಬುದು ನನ್ನ ವಾದ. ಮೋಹ ರಾವಣನನ್ನು ಅಪರಾಧಿಯನ್ನಾಗಿ ಮಾಡುತ್ತದೆ, ನಿಜ. ಅವನನ್ನು ದುರಂತನಾಯಕನನ್ನಾಗಿ ಮಾಡುವುದು ಮಾತ್ರ ಮೋಹ ಕಳೆದ ಮೇಲೆ ಅವನು ತೆಗೆದುಕೊಳ್ಳುವ ನಿರ್ಧಾರ.

ಈ ರಾವಣ ವಾಲ್ಮೀಕಿಯವನಲ್ಲ. ಜೈನ ಪರಂಪರೆಯಲ್ಲಿ ಅವನು ರಕ್ಕಸನೇ ಅಲ್ಲ; ವಿದ್ಯಾಧರ ವಂಶದ ದೊರೆ, ಜಿನಭಕ್ತ, ತನ್ನನ್ನು ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟವನು. ನಳಕೂಬರನ ಹೆಂಡತಿ ಉಪರಂಭೆ ತಾನಾಗಿಯೇ ಒಲಿದು ಬಂದಾಗ ಅವಳಿಗೆ ಬುದ್ಧಿ ಹೇಳಿ ಗಂಡನ ಬಳಿಗೆ ಕಳಿಸಿದವನೂ ಅವನೇ. ಇಂಥವನು ಸೀತೆಯನ್ನು ಕಂಡು ಕದಲಿದ್ದನ್ನು ಹೇಳುವಾಗ ಕವಿ ಅವನನ್ನು ಕಾಲವಶದಿಂದ ಮೇರೆ ಮೀರುವ ಕಡಲಿಗೆ ಹೋಲಿಸುತ್ತಾನೆ. ಹೋಲಿಕೆಯಲ್ಲಿ ಕರುಣೆಯಿದೆ, ಆದರೆ ಕ್ಷಮೆಯಿಲ್ಲ. ಸೀತೆಯನ್ನು ಕದ್ದು ತಂದದ್ದು ಕೇಡೇ. ತಮ್ಮ ವಿಭೀಷಣ ಅದನ್ನು ಮುಖದ ಮೇಲೆಯೇ ಹೇಳಿ ಲಂಕೆಯಿಂದ ಹೊರಬೀಳಬೇಕಾಗುತ್ತದೆ. ಆದರೂ ಸೆರೆಯಲ್ಲಿರುವ ಸೀತೆಗೆ ಆ ವ್ರತವೇ ಕಾವಲಾಗಿ ನಿಲ್ಲುತ್ತದೆ. ಕೇಡು ಮಾಡಿದವನೂ ಕೇಡಿಗೆ ಎಲ್ಲೆ ಹಾಕಿದವನೂ ಒಬ್ಬನೇ.

ಈಗ ಸೀತೆ ಸೆರೆಯಲ್ಲಿರುವ ಪ್ರಮದವನದ ಸನ್ನಿವೇಶವೊಂದನ್ನು ಹತ್ತಿರದಿಂದ ನೋಡಬೇಕು. ರಾವಣ ಬಹುರೂಪಿಣಿ ವಿದ್ಯೆಯನ್ನು ಸಾಧಿಸಿ ಗೆಲುವು ಖಚಿತವೆಂಬ ಉತ್ಸಾಹದಲ್ಲಿ ಸೀತೆಯೆದುರು ನಿಲ್ಲುತ್ತಾನೆ. ಇನ್ನು ರಾಮನ ಆಸೆ ಬಿಡು ಎನ್ನುತ್ತಾನೆ. ಸೀತೆ ಗಂಡನ ಪ್ರಾಣ ಉಳಿಸೆಂದು ಬೇಡಿಕೊಂಡು ಮೂರ್ಛೆ ಹೋಗಿ ನೆಲಕ್ಕೆ ಬೀಳುತ್ತಾಳೆ. ಯಾವ ಬೋಧನೆಯೂ ಮಾಡದ ಕೆಲಸವನ್ನು ಆ ನೋಟ ಮಾಡುತ್ತದೆ. ಒಲಿದ ದಂಪತಿಯನ್ನು ಅಗಲಿಸಿದೆನೆಂದು, ಕುಲಕ್ಕೆ ಕಳಂಕ ತಂದೆನೆಂದು, ತಮ್ಮನ ಮಾತು ಕೇಳದೆ ಹೋದೆನೆಂದು ಅವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಮೋಹ ಅಲ್ಲಿಗೆ ಸತ್ತಿತು. ಕಾವ್ಯ ಇಲ್ಲಿಯೇ ನಿಂತಿದ್ದರೆ ಅದೊಂದು ನೀತಿಕಥೆಯಾಗುತ್ತಿತ್ತು. ಆದರೆ ರಾವಣ ಮುಂದೆ ಯೋಚಿಸುತ್ತಾನೆ. ಈಗಲೇ ಸೀತೆಯನ್ನು ಒಪ್ಪಿಸಿದರೆ ಲೋಕ ಅದನ್ನು ಪಶ್ಚಾತ್ತಾಪವೆನ್ನುವುದಿಲ್ಲ, ಹೇಡಿತನವೆನ್ನುತ್ತದೆ. ಆದ್ದರಿಂದ ಯುದ್ಧ ಮಾಡಿ, ರಾಮಲಕ್ಷ್ಮಣರ ರಥ ಮುರಿದು, ಅವರನ್ನು ಜೀವಸಹಿತ ಹಿಡಿದು ತಂದು, ಆಮೇಲೆ ಸೀತೆಯನ್ನು ಕೊಡುತ್ತೇನೆ ಎಂದು ನಿಶ್ಚಯಿಸುತ್ತಾನೆ.

ಅವನನ್ನು ಕೊಲ್ಲುವುದು ಈ ನಿಶ್ಚಯ. ಕೊಟ್ಟ ಮಾತಿನಿಂದ, ತೊಟ್ಟ ವ್ರತದಿಂದ ಹಿಂದೆ ಸರಿಯದ ಅಭಿಮಾನವೇ ಸೀತೆಯನ್ನು ಕಾಪಾಡಿತ್ತು. ರಣದಿಂದ ಹಿಂದೆ ಸರಿಯಲು ಬಿಡದ್ದೂ ಅದೇ ಅಭಿಮಾನ. ಅವನಲ್ಲಿ ಒಳಿತಿನದೊಂದು ಪಾಲು, ಕೇಡಿನದೊಂದು ಪಾಲು ಎಂದು ಬೇರ್ಪಡಿಸಿ ತೂಗುವ ವಿಮರ್ಶೆ ಈ ಒಂದೇ ಬೇರನ್ನು ಕಾಣದೆ ಹೋಗುತ್ತದೆ. ಒಳ್ಳೆಯವನೊಬ್ಬ ಒಮ್ಮೆ ಎಡವಿದ ಎಂದರೆ ಕಥೆ ಬಹಳ ಸಲೀಸಾಗುತ್ತದೆ. ಎಡವಿದವನು ಎದ್ದು, ದಾರಿ ಕಂಡು, ಆ ದಾರಿಯನ್ನು ತನ್ನ ದೊಡ್ಡತನದ ಕಾರಣಕ್ಕೇ ತುಳಿಯಲಾರದೆ ಹೋದ ಎಂಬುದೇ ಇಲ್ಲಿನ ಸಂಕಟ.

ದುಷ್ಟನ ಪತನ ನ್ಯಾಯವೆನಿಸಬಹುದು, ಕರುಣೆಯನ್ನಾಗಲಿ ಭಯವನ್ನಾಗಲಿ ಹುಟ್ಟಿಸದು ಎಂದು ಅರಿಸ್ಟಾಟಲ್ 'ಕಾವ್ಯಮೀಮಾಂಸೆ'ಯ 13ನೆಯ ಅಧ್ಯಾಯದಲ್ಲಿ ಹೇಳಿದ್ದಾನಲ್ಲ ಎಂಬ ಆಕ್ಷೇಪ ಬರಬಹುದು. ಆ ಮಾತಿಗೆ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಆಗಲೇ ಸವಾಲು ಹಾಕಿದ್ದಾನೆ. ಮ್ಯಾಕ್‌ಬೆತ್‌ಗೆ ತಾನು ಮಾಡಲಿರುವುದು ಪಾಪವೆಂದು ಕೊಲೆಗೆ ಮುಂಚೆಯೇ ಗೊತ್ತು. ಅದನ್ನು ತಿಳಿದೇ ಒಳಗೆ ಕಾಲಿಡುತ್ತಾನೆ. ರಾವಣನಿಗೆ ತಿಳಿಯುವುದು ಅಪಹರಣದ ನಂತರ, ಆದರೆ ಕೊನೆಯ ಯುದ್ಧಕ್ಕೆ ಮುಂಚೆ. ಹಾಗಾಗಿ ಅವನ ಮುಂದೆ ಇನ್ನೂ ಒಂದು ಬಾಗಿಲು ತೆರೆದೇ ಇದೆ, ಅದನ್ನು ಅವನು ನೋಡಿಯೂ ಇದ್ದಾನೆ. ನಮ್ಮಲ್ಲೇ ಹೋಲಿಸುವುದಾದರೆ ರನ್ನನ ದುರ್ಯೋಧನನಿದ್ದಾನೆ. ಹೆಣಗಳ ನಡುವೆ ನಡೆಯುತ್ತ ಕರ್ಣನಿಗಾಗಿ ಅಳುತ್ತಾನೆ, ವೈರಿಯ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. 'ಗದಾಯುದ್ಧ'ದ ಆ ಭಾಗ ಓದಿ ಕರಗದವರಿಲ್ಲ. ಆದರೆ ತಾನು ಮಾಡಿದ್ದು ತಪ್ಪೆಂಬ ಅರಿವು ಅವನನ್ನು ಎಲ್ಲಿಯೂ ರಾವಣನಂತೆ ಸುಡುವುದಿಲ್ಲ. ದುರ್ಯೋಧನ ದುಃಖದಿಂದ ದೊಡ್ಡವನಾಗುತ್ತಾನೆ, ರಾವಣ ಅರಿವಿನಿಂದ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜೈನ ಧರ್ಮದ ಒಳಗಿನಿಂದಲೇ ಬರುತ್ತದೆ. ರಾವಣ ಪ್ರತಿವಾಸುದೇವ; ವಾಸುದೇವನಾದ ಲಕ್ಷ್ಮಣನಿಂದ ಅವನು ಸಾಯಲೇಬೇಕು. ಅವನು ಎಸೆದ ಚಕ್ರ ಲಕ್ಷ್ಮಣನಿಗೆ ಪ್ರದಕ್ಷಿಣೆ ಬಂದು ಅವನದೇ ಕೈಸೇರಿ ಎಸೆದವನನ್ನೇ ಕೊಲ್ಲುತ್ತದೆ. ಎಲ್ಲವೂ ಮೊದಲೇ ತೀರ್ಮಾನವಾಗಿದ್ದರೆ ದುರಂತವೆಲ್ಲಿ? ಆದರೆ ಈಡಿಪಸ್‌ನ ಗತಿಯೂ ಅವನು ಹುಟ್ಟುವ ಮೊದಲೇ ನುಡಿದದ್ದಲ್ಲವೇ? ಕೊನೆ ಗೊತ್ತಿರುವುದು ದುರಂತಕ್ಕೆ ಅಡ್ಡಿಯಾಗದು. ಮೇಲಾಗಿ ಕರ್ಮಸಿದ್ಧಾಂತ ಮಾಡಿದವನ ಹೊಣೆಯನ್ನು ಕಳೆಯುವುದಿಲ್ಲ, ಇನ್ನಷ್ಟು ಬಿಗಿ ಮಾಡುತ್ತದೆ. ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ಈ ಪರಂಪರೆಯಲ್ಲಿ ರಾವಣನ ಜೀವ ನರಕ ಕಂಡು, ಮುಂದೊಂದು ಕಾಲಕ್ಕೆ ತೀರ್ಥಂಕರನಾಗಲಿದೆ. ಸಾವೇ ಕೊನೆಯಲ್ಲದ ಈ ನಂಬಿಕೆಯನ್ನು ಗ್ರೀಕ್ ಚೌಕಟ್ಟು ಒಳಗೊಳ್ಳಲಾರದು. ಬಿ.ಎಂ.ಶ್ರೀ. ಅವರ ಓದು ಇಲ್ಲಿ ಇಕ್ಕಟ್ಟಿನದು ಎನ್ನಬೇಕಾಗುತ್ತದೆ.

ಪಶ್ಚಾತ್ತಾಪದ ಪ್ರಸಂಗ ನಾಗಚಂದ್ರನ ಸ್ವಂತದ್ದಲ್ಲ, ವಿಮಲಸೂರಿಯ ಪ್ರಾಕೃತ 'ಪಉಮಚರಿಯ'ದಲ್ಲೇ ಅದರ ಎಳೆಯಿದೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಸರಿಯಾದ ಮಾತು. ಕನ್ನಡ ಕವಿಯ ಕೆಲಸ ಬೇರೆ ಕಡೆ ಇದೆ: ಮೂಲದ ಹರಹಿನಲ್ಲಿ ನೂರು ಘಟನೆಗಳ ನಡುವೆ ಒಂದಾಗಿದ್ದುದನ್ನು ಅವನು ಕಥೆಯನ್ನು ಅಡಕಗೊಳಿಸಿ ಕಾವ್ಯದ ತಿರುವುಗಣ್ಣಿಗೆ ತಂದು ನಿಲ್ಲಿಸಿದ. ಅವನ ಸಾಧನೆಯೆಂದು ನಾನು ಎಣಿಸುವುದು ಇದನ್ನೇ.

ಈ ಗಂಟನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡವರು ಕುವೆಂಪು. 1949ರಲ್ಲಿ ಪ್ರಕಟವಾದ 'ಶ್ರೀರಾಮಾಯಣದರ್ಶನಂ'ನಲ್ಲಿ ರಾವಣನ ಮನಃಪರಿವರ್ತನೆ ಕನಸಿನ ಆಳಕ್ಕೆ ಇಳಿಯುತ್ತದೆ. ಅಲ್ಲಿ ಅವನೂ ಕುಂಭಕರ್ಣನೂ ಸೀತೆಯ ಮಡಿಲಿನ ಶಿಶುಗಳಾಗುತ್ತಾರೆ. ಕೇಡು ಅಲ್ಲಿ ಕರಗಿ ವಾತ್ಸಲ್ಯಕ್ಕೆ ತಿರುಗುವುದರಿಂದ ಕಾವ್ಯ ದುರಂತವನ್ನು ದಾಟಿ ಉದ್ಧಾರದ ಕಡೆ ಹೊರಳುತ್ತದೆ. ಕುವೆಂಪು ದರ್ಶನಕ್ಕೆ ಅದು ಸಹಜ. ನಾಗಚಂದ್ರ ತನ್ನ ರಾವಣನಿಗೆ ರಣಕ್ಕೆ ಹೊರಡುವ ಮುನ್ನ ಅಂಥ ಸಮಾಧಾನ ಕೊಡಲಿಲ್ಲ. ದುರಂತದ ಪ್ರಶ್ನೆಯನ್ನು ಕೇಳುವವರಿಗೆ ಆದ್ದರಿಂದಲೇ ಹಳೆಯ ಕಾವ್ಯ ಇಂದಿಗೂ ಹೆಚ್ಚು ಕಠಿಣ, ಹೆಚ್ಚು ಉಪಯುಕ್ತ.